ಖಾಲಿ ಬಿದ್ದ ಹೆಸರಿನ ವ್ಯಾಪಾರ

ಪ್ರತಿ ವರ್ಷ ಶ್ರಾವಣ ಮುಗಿಯುವ ಹೊತ್ತಿಗೆ ನನ್ನ ಮೊಬೈಲಿಗೆ ಒಂದು ಸಂದೇಶ ಬರುತ್ತದೆ. ನಿಮ್ಮ ಡೊಮೈನಿನ ಅವಧಿ ಮುಗಿಯುತ್ತಿದೆ, ಹಣ ಕಟ್ಟಿ ನವೀಕರಿಸಿಕೊಳ್ಳಿ ಎಂದು. 2012ರಲ್ಲಿ ಗೆಳೆಯನೊಬ್ಬನ ಜೊತೆ ಸೇರಿ ಕೊಂಡ ಹೆಸರು ಅದು. ನಮ್ಮೂರು ಆದೋನಿಯ ಹೆಸರಿಗೆ ಹತ್ತಿಯನ್ನು ಅಂಟಿಸಿ ಮಾಡಿದ ಒಂದು ವೆಬ್ ವಿಳಾಸ. ಮಾರ್ಕೆಟ್ ಯಾರ್ಡಿನಲ್ಲಿ ಹತ್ತಿ, ಶೇಂಗಾ, ಔಡಲ ಅವತ್ತು ಏನು ದರಕ್ಕೆ ಹೋಯಿತು ಎಂಬುದನ್ನು ಸಂಜೆಯೊಳಗೆ ಕನ್ನಡದಲ್ಲೂ ತೆಲುಗಿನಲ್ಲೂ ಹಾಕಬೇಕೆಂದು ನಮ್ಮ ಹಂಚಿಕೆ. ಗೆಳೆಯ ಕೆಲಸ ಸಿಕ್ಕು ಬಳ್ಳಾರಿಗೆ ಹೋದ. ನನಗೆ ಕಂಪ್ಯೂಟರಿನ ಮುಂದೆ ಕೂರುವ ಪುರುಸೊತ್ತು ಸಿಗಲಿಲ್ಲ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದವರ ಕತೆ ನಮ್ಮದು. ಕೂಸಂತೂ ಹುಟ್ಟಲಿಲ್ಲ, ಕುಲಾವಿಗೆ ಮಾತ್ರ ವರ್ಷಾ ವರ್ಷಾ ದುಡ್ಡು ಕಟ್ಟುತ್ತಾ ಬಂದಿದ್ದೇನೆ.

ಮಾರಿಬಿಡಬಾರದೇ ಎಂದು ಮನೆಯಲ್ಲಿ ಕೇಳುತ್ತಾರೆ. ಕೇಳುವುದು ಸುಲಭ. ಯಾರಿಗೆ, ಎಷ್ಟಕ್ಕೆ, ಎಲ್ಲಿಟ್ಟು ಮಾರುವುದು? ಈ ಪ್ರಶ್ನೆಯ ಬೆನ್ನು ಹತ್ತಿದಾಗ ನನಗೆ ಮೊದಲು ಹೊಳೆದದ್ದು, ಈ ಸರಕು ಯಾವ ಜಾತಿಯದು ಎಂಬುದನ್ನೇ ನಾನು ಯೋಚಿಸಿರಲಿಲ್ಲ ಎಂಬುದು. ಮೊದಲನೆಯದಾಗಿ ಇದು ಕೊಂಡ ಸೈಟಿನಂತೆ ನನ್ನ ಸ್ವಂತ ಆಸ್ತಿಯಲ್ಲ, ಗುತ್ತಿಗೆ ಹೊಲ. ಡಾಟ್ ಇನ್ ಎಂಬ ಬಾಲವಿರುವ ಹೆಸರುಗಳ ದಫ್ತರನ್ನು ನೋಡಿಕೊಳ್ಳುವುದು 2003ರಲ್ಲಿ ಸ್ಥಾಪನೆಯಾದ ನಿಕ್ಸಿ, ಅಂದರೆ ನ್ಯಾಷನಲ್ ಇಂಟರ್‌ನೆಟ್ ಎಕ್ಸ್‌ಚೇಂಜ್ ಆಫ್ ಇಂಡಿಯಾ. 2005ರಲ್ಲಿ ಎಲ್ಲರಿಗೂ ಮುಕ್ತವಾದ ಮೇಲೆ ಯಾರು ಮೊದಲು ಕೇಳುತ್ತಾರೋ ಅವರಿಗೆ ಹೆಸರು. ಒಂದು ಸಲಕ್ಕೆ ಹೆಚ್ಚೆಂದರೆ ಹತ್ತು ವರ್ಷದ ಹಣ ಕಟ್ಟಬಹುದು. ಕಟ್ಟುವುದು ನಿಂತರೆ ಹೊಲ ಬೇರೆಯವರ ಪಾಲು.

ಹಾಗಾದರೆ ನಾನು ಮಾರಲು ಹೊರಟಿರುವುದು ಗುತ್ತಿಗೆಯ ಹಕ್ಕನ್ನು. ಅದಕ್ಕೆ ದರ ಕಟ್ಟುವವರು ಯಾರು?

ನಮ್ಮೂರಿನವರಿಗೆ ದರ ಎಂದ ಕೂಡಲೇ ನೆನಪಾಗುವುದು ಹತ್ತಿ ಯಾರ್ಡು. ಒಂದು ಕಾಲಕ್ಕೆ ಜನ ಆದೋನಿಯನ್ನು ಎರಡನೆಯ ಬೊಂಬಾಯಿ ಎಂದು ಕರೆಯುತ್ತಿದ್ದುದು ಹತ್ತಿ ಮತ್ತು ಬಂಗಾರದ ವ್ಯಾಪಾರದಿಂದ. ರೈತ ತಂದ ರಾಶಿಗೆ ಲಾಟ್ ನಂಬರು ಬೀಳುತ್ತದೆ. ಖರೀದಿದಾರರು ಒಬ್ಬೊಬ್ಬರಾಗಿ ಬಂದು ರಾಶಿಯೊಳಗೆ ಕೈ ಹಾಕಿ, ಎಳೆ ಎಳೆದು ನೋಡಿ, ಪಸೆ ಎಷ್ಟಿದೆ, ಕಸ ಎಷ್ಟಿದೆ ಎಂದು ಅಂದಾಜು ಮಾಡಿ ಟೆಂಡರ್ ಹಾಕುತ್ತಾರೆ. ಒಬ್ಬ ಕೈಬಿಟ್ಟರೆ ಇನ್ನೊಬ್ಬ ಇರುತ್ತಾನೆ. ಯಾರೂ ಬರದಿದ್ದರೂ ಸರ್ಕಾರದ ಬೆಂಬಲ ಬೆಲೆ ಇದೆ. 2025-26ರ ಹಂಗಾಮಿಗೆ ಉದ್ದ ಎಳೆಯ ಹತ್ತಿಗೆ ಕ್ವಿಂಟಲಿಗೆ 8,110 ರೂಪಾಯಿ. ಆ ದರಕ್ಕೆ ಕೊಳ್ಳಲು ಭಾರತೀಯ ಹತ್ತಿ ನಿಗಮ ಬರುತ್ತದೋ ಇಲ್ಲವೋ, ಎಷ್ಟು ತಡವಾಗಿ ಬರುತ್ತದೆ ಎಂಬ ಜಗಳ ಬೇರೆ. ಅಂತೂ ಈ ಊರಿನ ಹತ್ತಿಗೂ ಪಕ್ಕದೂರಿನ ಹತ್ತಿಗೂ ಒಂದೇ ತಕ್ಕಡಿ ಸಾಕು.

ಡೊಮೈನ್ ಮಾರಲು ಹೊರಟವರು ಮಾಡುವ ಮೊದಲ ತಪ್ಪು, ಅಂತರ್ಜಾಲದಲ್ಲೂ ಇಂಥದೇ ಒಂದು ಯಾರ್ಡು ಇರುತ್ತದೆ, ಹರಾಜಿಗಿಟ್ಟರೆ ಸಾಕು ಎಂದು ನಂಬುವುದು. ಯಾರ್ಡುಗಳೇನೋ ಇವೆ. ಜರ್ಮನಿಯ ಸೆಡೋ, ಗೋಡ್ಯಾಡಿ ಕಂಪನಿಯ ಕೈಕೆಳಗಿನ ಆಫ್ಟರ್‌ನಿಕ್ ದೊಡ್ಡವು. ಅಲ್ಲಿ ಹೆಸರನ್ನು ಪಟ್ಟಿಗೆ ಹಾಕಬಹುದು, ಹರಾಜು ಕೂಗಿಸಬಹುದು, ಮಾರಿದರೆ ದಲ್ಲಾಳಿ ಕೊಡಬೇಕು. ಆದರೆ ಹರಾಜು ಒಳ್ಳೆಯ ದರ ತರುವುದು ಕೂಗುವವರು ಹಲವರಿದ್ದಾಗ. ನನ್ನ ಹೆಸರನ್ನು ಹರಾಜಿಗಿಟ್ಟರೆ ಕೂಗುವವರು ಯಾರು? ಲಂಡನ್ನಿನವನಿಗೆ ಆದೋನಿ ಬೇಡ, ಬೆಂಗಳೂರಿನವನಿಗೆ ಹತ್ತಿ ಬೇಡ. ಏಳು ದಿನ ಯಾರೂ ಬಾಯಿ ತೆರೆಯದೆ ಹರಾಜು ಮುಗಿದರೆ, ಮಾಲು ಉಳಿಯುವುದರ ಜೊತೆಗೆ ಅದು ಯಾರಿಗೂ ಬೇಡದ ಮಾಲೆಂದು ಊರಿಗೇ ಡಂಗುರ ಸಾರಿದಂತೆ.

ಇನ್ನೊಂದು ವ್ಯಾಪಾರವೂ ನಮ್ಮ ಕರ್ನೂಲು ಜಿಲ್ಲೆಯಲ್ಲಿದೆ. ಡೊಮೈನ್ ಕೊಳ್ಳುವವರ ಮನಸ್ಸು ನಿಜಕ್ಕೂ ಓಡುವುದು ಆ ಕಡೆಗೆ. ಮುಂಗಾರಿನ ಮೊದಲ ಮಳೆ ಬಿದ್ದದ್ದೇ ತಡ, ಜೊನ್ನಗಿರಿ, ತುಗ್ಗಲಿ, ಮದ್ದಿಕೆರೆಯ ಹೊಲಗಳಲ್ಲಿ ಜನ ತಲೆ ಬಗ್ಗಿಸಿಕೊಂಡು ನಡೆಯತೊಡಗುತ್ತಾರೆ. ಮಳೆ ಮಣ್ಣನ್ನು ತೊಳೆದಾಗ ವಜ್ರ ಮೇಲೆ ಬಂದು ಮಿನುಗುತ್ತದೆ ಎಂಬುದು ನಂಬಿಕೆ ಮಾತ್ರವಲ್ಲ, ಆಗಾಗ ನಿಜವೂ ಹೌದು. ಬೇರೆ ಜಿಲ್ಲೆಗಳಿಂದ ಬುತ್ತಿ ಕಟ್ಟಿಕೊಂಡು ಬಂದು ಗುಡಿಯ ಜಗಲಿಯ ಮೇಲೆ ಮಲಗಿ ವಾರಗಟ್ಟಲೆ ಹುಡುಕುವವರಿದ್ದಾರೆ. ಒಬ್ಬನಿಗೆ ಕಲ್ಲು ಸಿಕ್ಕಿತೆಂದರೆ ಸಂಜೆಯೊಳಗೆ ವ್ಯಾಪಾರಿ ಅವನ ಮನೆಯಲ್ಲಿರುತ್ತಾನೆ. ಇಷ್ಟು ಲಕ್ಷ ನಗದು, ಇಷ್ಟು ತೊಲ ಬಂಗಾರ ಎಂದು ಗುಟ್ಟಾಗಿ ಮಾತು ಮುಗಿಯುತ್ತದೆ. ಮರುದಿನ ಪತ್ರಿಕೆಯಲ್ಲಿ ಸುದ್ದಿ. ಸಿಗದೆ ಮನೆಗೆ ಹೋದವರ ಸುದ್ದಿ ಬರುವುದಿಲ್ಲ.

ಡೊಮೈನ್ ಲೋಕಕ್ಕೂ ಇಂಥ ಸುದ್ದಿಗಳುಂಟು. 2019ರಲ್ಲಿ ವಾಯ್ಸ್ ಡಾಟ್ ಕಾಮ್ ಎಂಬ ಒಂದೇ ಹೆಸರು 3 ಕೋಟಿ ಡಾಲರಿಗೆ ಮಾರಾಟವಾಯಿತು. ಅದನ್ನು ಓದಿದ ಎಷ್ಟು ಹುಡುಗರು ಆ ರಾತ್ರಿಯೇ ಹತ್ತಿಪ್ಪತ್ತು ಹೆಸರು ಕೊಂಡಿರಬಹುದೋ! ಈ ಕಸುಬಿನವರೇ ಹೇಳುವ ಸ್ಥೂಲ ಲೆಕ್ಕ ಒಂದಿದೆ: ನೂರು ಹೆಸರಿಟ್ಟುಕೊಂಡವನಿಗೆ ವರ್ಷಕ್ಕೆ ಒಂದೋ ಎರಡೋ ಮಾರಾಟವಾದರೆ ಪುಣ್ಯ. ಹೆಸರೊಂದಕ್ಕೆ ವರ್ಷಕ್ಕೆ ಸಾವಿರ ರೂಪಾಯಿ ಹಿಡಿದರೂ ನೂರಕ್ಕೆ ಒಂದು ಲಕ್ಷ ಕಟ್ಟಬೇಕು. ಅಂದರೆ ಮಾರಿದ ಆ ಒಂದೆರಡು ಹೆಸರು ಐವತ್ತು ಸಾವಿರಕ್ಕೋ ಲಕ್ಷಕ್ಕೋ ಹೋದರೆ ಅಸಲು, ದಲ್ಲಾಳಿ ಬೇರೆ. ಇದೇ ಲೆಕ್ಕವನ್ನು ತಿರುಗಿಸಿ ನನ್ನ ಒಂಟಿ ಹೆಸರಿಗೆ ಹಚ್ಚಿ ನೋಡಿದೆ. ಸುಮ್ಮನೆ ಪಟ್ಟಿಗೆ ಹಾಕಿ ಕೂತರೆ ಅದು ಮಾರಾಟವಾಗಲು ಐವತ್ತರಿಂದ ನೂರು ವರ್ಷ ಬೇಕು. ಅಷ್ಟರಲ್ಲಿ ನನ್ನ ಮೊಮ್ಮಕ್ಕಳು ಹೆಂಡಿರು ಮಕ್ಕಳೊಂದಿಗೆ ಅದರ ನವೀಕರಣದ ಹಣಕ್ಕಾಗಿ ಜಗಳವಾಡುತ್ತಿರುತ್ತಾರೆ.

ಆದರೂ ವಜ್ರದ ಹೋಲಿಕೆ ಒಂದು ಕಡೆ ಕುಂಟುತ್ತದೆ, ಮುಖ್ಯವಾದದ್ದು ಅದೇ. ಜೊನ್ನಗಿರಿಯ ಹೊಲದಲ್ಲಿ ಕಲ್ಲು ಸಿಕ್ಕ ಕೂಲಿಯವನಿಗೆ ಅದರ ಬೆಲೆ ಗೊತ್ತಿಲ್ಲ, ವ್ಯಾಪಾರಿಗೆ ಗೊತ್ತು. ಕೂಲಿಯವನು ಮೋಸಹೋಗುವುದು ಅಲ್ಲಿ. ಆದರೆ ಆ ಬೆಲೆ ಕಲ್ಲಿನೊಳಗೇ ಇದೆ. ಒಬ್ಬ ವ್ಯಾಪಾರಿ ಕಡಿಮೆ ಕೇಳಿದರೆ ಗುಂತಕಲ್ಲಿಗೋ ಮುಂಬಯಿಗೋ ಒಯ್ದು ಇನ್ನೊಬ್ಬನಿಗೆ ತೋರಿಸಬಹುದು, ತೂಕ ಹೊಳಪು ಬದಲಾಗುವುದಿಲ್ಲ. ಡೊಮೈನಿನ ಒಳಗೆ ಏನೂ ಇಲ್ಲ. ಬೆಲೆ ಇರುವುದು ಕೊಳ್ಳುವವನ ಯೋಜನೆಯಲ್ಲಿ. ಅದೇ ಹೆಸರಿನಿಂದ ಅಂಗಡಿ ತೆರೆಯಬೇಕೆಂದು ನಿರ್ಧರಿಸಿ ಬೋರ್ಡು ಬರೆಸಿದವನಿಗೆ ಅದು ಲಕ್ಷ ರೂಪಾಯಿಯದು, ಅವನ ಪಕ್ಕದ ಅಂಗಡಿಯವನಿಗೆ ಎರಡು ಕಾಸಿಗೂ ಬೇಡ.

ಈ ಸೀಮೆಯ ಹಳೆಯ ಹೇಳಿಕೆಯೊಂದು ನೆನಪಾಗುತ್ತದೆ. ಆದೋನಿಯನ್ನು ಆಳುತ್ತಿದ್ದ ಸಿದ್ದಿ ಮಸೂದ್ ಖಾನ್, ರಾಘವೇಂದ್ರ ಸ್ವಾಮಿಗಳಿಗೆ ಭೂಮಿ ಕೊಡಲು ಮುಂದಾದಾಗ ಅವರು ಕೇಳಿದ್ದು ತುಂಗಭದ್ರೆಯ ದಡದ ಮಂಚಾಲೆಯನ್ನು. ಅದರಲ್ಲೇನಿದೆ, ಬೆಳೆ ಬರುವ ಒಳ್ಳೆಯ ಊರು ಕೇಳಿ ಎಂದನಂತೆ ನವಾಬ. ಪ್ರಹ್ಲಾದ ಯಜ್ಞ ಮಾಡಿದ ಜಾಗವದು ಎಂಬುದು ಕೇಳಿದವರಿಗೆ ಗೊತ್ತಿತ್ತು, ಕೊಡುವವನಿಗೆ ಗೊತ್ತಿರಲಿಲ್ಲ. 1671ರಲ್ಲಿ ಅವರು ಅಲ್ಲೇ ಬೃಂದಾವನಸ್ಥರಾದರು, ಮಂಚಾಲೆ ಮಂತ್ರಾಲಯವಾಯಿತು. ರಾಯರ ಮಾತನ್ನು ಇಂಟರ್‌ನೆಟ್ಟಿನ ವ್ಯಾಪಾರದ ಪಕ್ಕ ತಂದದ್ದಕ್ಕೆ ಭಕ್ತರು ಕ್ಷಮಿಸಬೇಕು. ಕಂದಾಯದ ಲೆಕ್ಕ ನೋಡುವವನಿಗೆ ಬರಡು ನೆಲವಾಗಿದ್ದದ್ದು, ಬೇಕಾದವರಿಗೆ ಬೇರೇನೋ ಆಗಿತ್ತು ಎಂಬುದಷ್ಟೇ ನನಗೆ ಬೇಕಾದ ಮಾತು.

ಹಾಗಾಗಿ ಬಳಸದ ಡೊಮೈನನ್ನು ಮಾರುವ ಅತ್ಯುತ್ತಮ ದಾರಿ ಎಂದರೆ ಮಾರುಕಟ್ಟೆ ಹುಡುಕುವುದಕ್ಕಿಂತ ಮನುಷ್ಯನನ್ನು ಹುಡುಕುವುದು ಎಂದು ನನ್ನ ವಾದ. ಕಾಗದ ಪೆನ್ನು ಹಿಡಿದು ಕೂತು, ಈ ಹೆಸರಿನಿಂದ ನಾಳೆಯಿಂದಲೇ ಲಾಭ ಮಾಡಿಕೊಳ್ಳಬಲ್ಲವರು ಯಾರು ಎಂದು ಬರೆಯಬೇಕು. ಹತ್ತು ಜನರ ಪಟ್ಟಿ ಆಗದಿದ್ದರೆ ಆ ಹೆಸರಿನಲ್ಲಿ ಸರಕಿಲ್ಲ. ನನ್ನ ಪಟ್ಟಿಯಲ್ಲಿ ಜಿನ್ನಿಂಗ್ ಫ್ಯಾಕ್ಟರಿಯವರು, ಬೀಜ ಮಾರುವವರು, ಎಣ್ಣೆ ಮಿಲ್ಲಿನವರು, ಇಬ್ಬರು ಕಮಿಷನ್ ಮಂಡಿಯವರು ಇದ್ದರು. ಇವರಲ್ಲಿ ಯಾರೂ ಸೆಡೋದ ಮುಖ ನೋಡಿದವರಲ್ಲ. ಹೆಸರಿನ ಪುಟದಲ್ಲಿ ಮಾರಾಟಕ್ಕಿದೆ ಎಂದು ಬರೆದು, ಕನ್ನಡದಲ್ಲೋ ತೆಲುಗಿನಲ್ಲೋ ದರ ಹಾಕಿ, ಫೋನ್ ನಂಬರು ಕೊಟ್ಟರೆ ಅದು ಜರ್ಮನಿಯ ಪಟ್ಟಿಗಿಂತ ಹತ್ತಿರದ ದಾರಿ. ಅಂತರರಾಷ್ಟ್ರೀಯ ಪಟ್ಟಿಗೂ ಹಾಕಬಾರದೆಂದಲ್ಲ. ಯಾವುದೋ ಕಂಪನಿ ಹೆಸರು ಹುಡುಕುವಾಗ ಅಲ್ಲಿ ಕಣ್ಣಿಗೆ ಬೀಳಬಹುದು. ಇಂಗ್ಲಿಷಿನ ಸಾಮಾನ್ಯ ಪದಗಳ ಹೆಸರಾಗಿದ್ದರೆ ಅದೇ ಮುಖ್ಯ ದಾರಿ.

ದರ ಹಾಕಬೇಕೋ, ನೀವೇ ಹೇಳಿ ಎಂದು ಬಿಡಬೇಕೋ ಎಂಬುದರಲ್ಲಿ ಎರಡು ಪಕ್ಷಗಳಿವೆ. ದರ ಹಾಕಿದರೆ ದೊಡ್ಡ ಗಿರಾಕಿ ಸಿಕ್ಕಾಗ ಕೈಸುಟ್ಟುಕೊಳ್ಳುತ್ತೀರಿ ಎನ್ನುವವರು ಹೇಳುವುದರಲ್ಲಿ ಹುರುಳಿದೆ. ದೊಡ್ಡ ಕಂಪನಿಗಳು ತಮ್ಮ ಹೆಸರು ಮುಚ್ಚಿಟ್ಟು ಮಧ್ಯವರ್ತಿಗಳ ಕೈಲಿ ಕೇಳಿಸುತ್ತವೆ. ಆಗ ನಾವೇ ಜೊನ್ನಗಿರಿಯ ಕೂಲಿಯವರಾಗುತ್ತೇವೆ. ಆದರೆ ಸಣ್ಣ ಊರಿನ ಹೆಸರಿಗೆ ದೊಡ್ಡ ಗಿರಾಕಿ ಬರುವ ಸಂಭವ ಎಷ್ಟು? ಗುರುತಿಲ್ಲದವನ ಜೊತೆ ಚೌಕಾಶಿಗೆ ಕೂರುವ ವ್ಯವಧಾನ ಮಿಲ್ಲಿನವನಿಗಿಲ್ಲ. ದರ ಕಂಡರೆ ಒಂದೋ ಕೊಳ್ಳುತ್ತಾನೆ, ಇಲ್ಲವೋ ಬಿಡುತ್ತಾನೆ. ನನ್ನ ಅಳತೆಗೋಲು ಸರಳ: ಅಂಗಡಿಯ ಮುಂದಿನ ಒಳ್ಳೆಯ ಬೋರ್ಡಿಗೆ ಅವನು ಎಷ್ಟು ಖರ್ಚು ಮಾಡುತ್ತಾನೋ ಅಷ್ಟು. ಇಷ್ಟು ವರ್ಷ ನಾನು ಕಟ್ಟಿದ ಹಣಕ್ಕೂ ಆ ದರಕ್ಕೂ ಸಂಬಂಧವಿಲ್ಲ, ಇರಬೇಕೆಂದು ನನ್ನ ಮನಸ್ಸು ಎಷ್ಟೇ ಹಟ ಹಿಡಿದರೂ.

ಅಕ್ಷರಗಳ ಗೊಂದಲವೂ ಬೆಲೆಯನ್ನು ತಿನ್ನುತ್ತದೆ. ಗಡಿಸೀಮೆಯವರಿಗೆ ಇದು ದಿನನಿತ್ಯದ ಪಾಡು. ಹಳೆಯ ಕನ್ನಡಿಗರಿಗೆ ಈ ಊರು ಆದವಾನಿ, ಬೋರ್ಡುಗಳಲ್ಲಿ ಆದೋನಿ, ಔರಂಗಜೇಬನ ದಂಡು ಇಟ್ಟ ಹೆಸರು ಇಮ್ತಿಯಾಜ್‌ಗಢ. 1953ರ ಅಕ್ಟೋಬರ್ 1ರವರೆಗೆ ಆದೋನಿ, ಆಲೂರು ಎರಡೂ ಬಳ್ಳಾರಿ ಜಿಲ್ಲೆಯ ತಾಲ್ಲೂಕುಗಳು. ಆಂಧ್ರ ರಾಜ್ಯ ಹುಟ್ಟಿದ ದಿನ ಕರ್ನೂಲಿಗೆ ಸೇರಿದವು. ಎಮ್ಮಿಗನೂರನ್ನು ಇಂಗ್ಲಿಷಿನಲ್ಲಿ ಇಬ್ಬರು ಒಂದೇ ರೀತಿ ಬರೆದದ್ದನ್ನು ನಾನು ಕಂಡಿಲ್ಲ. ಮಂತ್ರಾಲಯವನ್ನು ಕನ್ನಡಿಗರು ಹಾಗೇ ಬರೆದರೆ ತೆಲುಗರು ಕೊನೆಗೊಂದು ಮಕಾರ ಸೇರಿಸುತ್ತಾರೆ. ಆ ಮಕಾರವಿಲ್ಲದೆ ಹುಡುಕಿದವನು ಮುಂಬಯಿಯ ಸಚಿವಾಲಯಕ್ಕೆ ಹೋಗಿ ಬಿದ್ದರೂ ಬಿದ್ದನೇ. ಫೋನಿನಲ್ಲಿ ಒಮ್ಮೆ ಹೇಳಿದರೆ ತಪ್ಪದೆ ಬರೆದುಕೊಳ್ಳಲಾಗದ ಹೆಸರಿಗೆ ಅರ್ಧ ಬೆಲೆಯೂ ಇಲ್ಲ. ನಮ್ಮದೇ ಲಿಪಿಯಲ್ಲಿ ಬರೆಯುವ ಡಾಟ್ ಭಾರತ ಬಂದಿದೆ, ಕನ್ನಡಕ್ಕೂ ತೆಲುಗಿಗೂ ಬೇರೆ ಬೇರೆ. ಅಲ್ಲಿ ಸ್ಪೆಲ್ಲಿಂಗ್ ಜಗಳವಿಲ್ಲ. ಆದರೆ ಆ ಹೆಸರನ್ನು ಬಳಸುವ ಅಭ್ಯಾಸ ಜನಕ್ಕೆ ಬರುವ ತನಕ ಮಾರುವವನಿಗೆ ಲಾಭವಿಲ್ಲ. ಅಭಿಮಾನಕ್ಕೆ ಕೊಂಡು ಬಳಸುವುದಾದರೆ ಸೈ.

ಊರಿನ ಹೆಸರು ಯಾರ ಸ್ವತ್ತು ಎಂಬ ಪ್ರಶ್ನೆ ಇಲ್ಲೇ ಏಳುತ್ತದೆ. ಸ್ಪೇನಿನ ಬಾರ್ಸಿಲೋನಾ ನಗರಸಭೆ 2000ದಲ್ಲಿ ತನ್ನ ಹೆಸರಿನ ಡಾಟ್ ಕಾಮನ್ನು ಖಾಸಗಿಯವರಿಂದ ವ್ಯಾಜ್ಯ ಹೂಡಿ ಗೆದ್ದಿತ್ತು. 2003ರಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯ, ಬರೀ ಊರ ಹೆಸರಿಗೆ ಟ್ರೇಡ್‌ಮಾರ್ಕ್ ಇಲ್ಲವೆಂದು ಅದನ್ನು ತಿರುಗಿಸಿತು. ನಮ್ಮ ಜೊನ್ನಗಿರಿಗೂ ಇಂಥದೊಂದು ತಕರಾರಿದೆ, ಅದು ಎರಡು ಸಾವಿರ ವರ್ಷಕ್ಕೂ ಹಳೆಯ ಹೆಸರಿನದು. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯ ಅಶೋಕನ ಶಾಸನದಲ್ಲಿ ಬರುವ ಸುವರ್ಣಗಿರಿ ಯಾವುದು ಎಂಬುದಕ್ಕೆ ಜೊನ್ನಗಿರಿ, ಕನಕಗಿರಿ, ಮಸ್ಕಿ ಮೂರೂ ಹಕ್ಕುದಾರರು. ಸದ್ಯ ಯಾರೂ ಕೋರ್ಟಿಗೆ ಹೋಗಿಲ್ಲ.

ಕಂಪನಿಯ ಹೆಸರಾದರೆ ಮಾತು ಬೇರೆ. 2004ರ ಸತ್ಯಂ ಇನ್ಫೋವೇ ಪ್ರಕರಣದಲ್ಲಿ ನಮ್ಮ ಸುಪ್ರೀಂ ಕೋರ್ಟ್, ಡೊಮೈನಿಗೂ ಟ್ರೇಡ್‌ಮಾರ್ಕಿನಂಥ ರಕ್ಷಣೆ ಉಂಟೆಂದು ಹೇಳಿತು. 1999ರಿಂದ ನಡೆದು ಬಂದಿರುವ ಅಂತರರಾಷ್ಟ್ರೀಯ ವ್ಯಾಜ್ಯ ನಿಯಮದಲ್ಲಿ ಒಂದು ಕೊಕ್ಕೆ ಇದೆ: ಇನ್ನೊಬ್ಬರ ಟ್ರೇಡ್‌ಮಾರ್ಕನ್ನು ಅವರಿಗೇ ಲಾಭಕ್ಕೆ ಮಾರುವ ಉದ್ದೇಶದಿಂದ ಕೊಂಡಿದ್ದರೆ, ಅದೇ ದುರುದ್ದೇಶಕ್ಕೆ ಪುರಾವೆ. ಎಂದರೆ, ನೀವು ಬರೆದ ಮಾರಾಟದ ಪತ್ರವೇ ನಿಮ್ಮ ಮೇಲಿನ ಸಾಕ್ಷಿ. 2024ರ ಅಕ್ಟೋಬರಿನಲ್ಲಿ ದೇಶವೆಲ್ಲ ನೋಡಿದ ಜಿಯೋಹಾಟ್‌ಸ್ಟಾರ್ ಪ್ರಸಂಗ ಇದಕ್ಕೆ ಒಳ್ಳೆಯ ಪಾಠ. ದಿಲ್ಲಿಯ ತಂತ್ರಜ್ಞನೊಬ್ಬ ಎರಡು ಕಂಪನಿಗಳು ಸೇರುತ್ತವೆಂದು ಊಹಿಸಿ ಆ ಹೆಸರನ್ನು ಮೊದಲೇ ಕೊಂಡಿದ್ದ. ವಿದೇಶದಲ್ಲಿ ಓದುವ ಖರ್ಚು ಕೊಟ್ಟರೆ ಬಿಟ್ಟುಕೊಡುತ್ತೇನೆಂದು ಪುಟದಲ್ಲೇ ಬರೆದ. ಊಹೆ ನಿಜವಾಯಿತು, ಖರ್ಚು ಬರಲಿಲ್ಲ. ಹೆಸರು ದುಬೈಯ ಮಕ್ಕಳಿಬ್ಬರ ಕೈಸೇರಿ, ಅವರು ಹಣ ಬೇಡವೆಂದು ಹೇಳಿ ಕೊಡಲು ಮುಂದಾದರು. ಅವನ ಜಾಣತನಕ್ಕೆ ಮರುಗಿದವರು ಬಹಳ. ನನಗೆ ಅನ್ನಿಸಿದ್ದು, ಎರಡೂ ಕಾಲು ಇನ್ನೊಬ್ಬರ ಹೊಲದಲ್ಲಿಟ್ಟು ಬೆಳೆ ಕೊಯ್ಯಲು ಹೊರಟಿದ್ದ ಎಂದು.

ಗಿರಾಕಿ ಸಿಕ್ಕ ಮೇಲೆ ಕೈಬದಲಾವಣೆ. ಇಲ್ಲಿ ಹೆಚ್ಚು ಹೇಳಬೇಕಾದದ್ದಿಲ್ಲ, ಒಂದೆರಡು ಎಚ್ಚರಿಕೆ ಸಾಕು. ಹೆಸರು ನಿಜಕ್ಕೂ ನಿಮ್ಮ ಹೆಸರಿನಲ್ಲೇ ದಾಖಲಾಗಿದೆಯೇ ನೋಡಿಕೊಳ್ಳಿ. ವೆಬ್‌ಸೈಟ್ ಮಾಡಿಕೊಟ್ಟ ಹುಡುಗ ತನ್ನ ಹೆಸರಿನಲ್ಲೇ ಕೊಂಡಿಟ್ಟಿರುವುದು ನಮ್ಮ ಕಡೆ ಸಾಮಾನ್ಯ. ವರ್ಗಾವಣೆಗೆ ಬೇಕಾದ ಗುಪ್ತ ಸಂಕೇತವನ್ನು ಹಣಕ್ಕಿಂತ ಮೊದಲು ಕೊಡಬೇಡಿ. ದೊಡ್ಡ ಮೊತ್ತವಾದರೆ ಎಸ್ಕ್ರೋ, ಅಂದರೆ ಇಬ್ಬರಿಗೂ ಸೇರದ ಮೂರನೆಯವರ ಬಳಿ ಹಣವಿಡುವ ಪದ್ಧತಿ ಇದೆ. ಇಬ್ಬರ ಖಾತೆಯೂ ಒಂದೇ ನೋಂದಣಿ ಕಂಪನಿಯಲ್ಲಿದ್ದರೆ ಕೆಲಸ ನಿಮಿಷಗಳಲ್ಲಿ ಮುಗಿಯುತ್ತದೆ. ನನಗೊಮ್ಮೆ ಎಂಟು ಸಾವಿರ ಡಾಲರ್ ಕೊಡುತ್ತೇನೆಂದು ಇಂಗ್ಲಿಷಿನಲ್ಲಿ ಮೇಲ್ ಬಂತು. ಎರಡು ದಿನ ನಿದ್ದೆ ಬರಲಿಲ್ಲ. ಮೂರನೆಯ ಮೇಲಿನಲ್ಲಿ ಆಸಾಮಿ, ತಾನು ಹೇಳಿದ ಕಡೆಯೇ ಹಣ ಕಟ್ಟಿ ಮೌಲ್ಯಮಾಪನದ ಸರ್ಟಿಫಿಕೇಟ್ ಮಾಡಿಸಿ ಕಳಿಸು ಎಂದ. ಕೊಳ್ಳುವವನು ಮಾರುವವನಿಂದ ದುಡ್ಡು ಬಿಚ್ಚಿಸಿದರೆ ಅದು ಯಾವ ವ್ಯಾಪಾರ? ಆಮೇಲೆ ತಿಳಿಯಿತು, ಜಗತ್ತಿನಲ್ಲೆಲ್ಲ ನಡೆಯುವ ಹಳೆಯ ಮೋಸವಂತೆ ಅದು.

ಮಾರಬಾರದ ಹೆಸರುಗಳೂ ಇವೆ. ಈ ಭಾಗದ ರೈತರು ಸಾಲ ತೆಗೆಯುತ್ತಿದ್ದ ಆಂಧ್ರ ಪ್ರಗತಿ ಗ್ರಾಮೀಣ ಬ್ಯಾಂಕ್ 2025ರ ಮೇ 1ರಿಂದ ಬೇರೆ ಮೂರು ಬ್ಯಾಂಕುಗಳ ಜೊತೆ ವಿಲೀನವಾಗಿ ಆಂಧ್ರ ಪ್ರದೇಶ ಗ್ರಾಮೀಣ ಬ್ಯಾಂಕ್ ಆಯಿತು. ಅದೇ ದಿನ ಗಡಿಯಾಚೆ ಕರ್ನಾಟಕದ ಎರಡು ಗ್ರಾಮೀಣ ಬ್ಯಾಂಕುಗಳೂ ಬಳ್ಳಾರಿಯನ್ನು ಕೇಂದ್ರವಾಗಿಟ್ಟುಕೊಂಡು ಒಂದಾದವು. ಇದರ ಮೇಲೆ ರಿಸರ್ವ್ ಬ್ಯಾಂಕು, ದೇಶದ ಎಲ್ಲ ಬ್ಯಾಂಕುಗಳೂ 2025ರ ಅಕ್ಟೋಬರ್ 31ರೊಳಗೆ ಬ್ಯಾಂಕ್ ಡಾಟ್ ಇನ್ ಎಂಬ ಬಾಲದ ವಿಳಾಸಕ್ಕೆ ಬದಲಾಗಬೇಕೆಂದು ಆಜ್ಞೆ ಮಾಡಿತು. ಠಕ್ಕರು ಬ್ಯಾಂಕಿನ ವೇಷ ಹಾಕದಿರಲೆಂದು ಈ ಏರ್ಪಾಡು. ಸಹಕಾರಿ ಬ್ಯಾಂಕುಗಳನ್ನೂ ಸೇರಿಸಿ ಲೆಕ್ಕ ಹಾಕಿದರೆ ಎಷ್ಟು ಹಳೆಯ ವಿಳಾಸಗಳು ಒಮ್ಮೆಗೇ ಖಾಲಿ ಬಿದ್ದವು! ಖರ್ಚು ಉಳಿಸಲು ಒಂದು ಸಣ್ಣ ಬ್ಯಾಂಕು ಹಳೆಯ ಹೆಸರನ್ನು ಬಿಟ್ಟುಬಿಟ್ಟರೆ, ಅವಧಿ ಕಳೆದ ಮೇಲೆ ಸಾವಿರ ರೂಪಾಯಿ ಕೊಟ್ಟು ಅದನ್ನು ಯಾರು ಬೇಕಾದರೂ ಕೊಳ್ಳಬಹುದು. ಪಾಸ್‌ಬುಕ್ಕಿನ ಹಿಂದೆ ಅಚ್ಚಾದ ವಿಳಾಸ ಅವನದಾಗುತ್ತದೆ, ಆ ವಿಳಾಸಕ್ಕೆ ಬರುವ ಗ್ರಾಹಕರ ಇ-ಮೇಲೂ ಅವನದೇ. ಅಂಥ ಹೆಸರಿಗೆ ಹಣ ಕಟ್ಟುತ್ತಲೇ ಇರುವುದು ಆಸ್ತಿಯ ಮೇಲಿನ ಖರ್ಚಲ್ಲ, ಪಾಳುಬಾವಿಗೆ ಕಟ್ಟೆ ಕಟ್ಟಿದಂತೆ. ಶಾಲೆ, ಆಸ್ಪತ್ರೆ, ಮಠ, ದೇವಸ್ಥಾನಗಳ ಹೆಸರಿಗೂ ಇದೇ ಮಾತು. ಕೋಣೆ ಕಾಯ್ದಿರಿಸುವ ನೆಪದಲ್ಲಿ ಯಾತ್ರಿಕರ ಜೇಬು ಕತ್ತರಿಸುವ ನಕಲಿ ತಾಣಗಳ ಕಾಲ ಇದು. ಕ್ಷೇತ್ರದ ಹೆಸರನ್ನು ಕೈಯಲ್ಲಿಟ್ಟುಕೊಂಡವನು ಹೆಚ್ಚು ಕೊಟ್ಟವನಿಗೆ ಮಾರಿ ಕೈತೊಳೆದುಕೊಳ್ಳುತ್ತೇನೆ ಎಂದರೆ ನಾನು ಒಪ್ಪುವುದಿಲ್ಲ, ಕಾನೂನು ಒಪ್ಪಿದರೂ.

ಇನ್ನು ಯಾರಿಗೂ ಬೇಡದ, ಯಾರಿಗೂ ಕೇಡು ಮಾಡದ ಸಾಮಾನ್ಯ ಹೆಸರು. ಹೊಳೆಗೆ ಸುರಿದರೂ ಅಳೆದು ಸುರಿ ಎನ್ನುತ್ತಾರೆ. ಎರಡು ವರ್ಷ ಅಂತ ಗಡುವು ಹಾಕಿಕೊಂಡು, ಪಟ್ಟಿಯ ಹತ್ತೂ ಜನರನ್ನು ಮಾತಾಡಿಸಿ, ಆಗದಿದ್ದರೆ ಬಿಟ್ಟುಬಿಡುವುದು ಸರಿ. ಬಿಡುವ ಮುಂಚೆ ಅದರ ಮೇಲ್ ವಿಳಾಸವನ್ನು ಬ್ಯಾಂಕಿಗೋ ಇನ್ನೊಂದಕ್ಕೋ ಕೊಟ್ಟಿದ್ದರೆ ಬದಲಾಯಿಸಿಕೊಳ್ಳಬೇಕು. ಡಾಟ್ ಕಾಮ್ ಆದರೆ ಅವಧಿ ಮುಗಿದ ಮೇಲೂ ಕೆಲವು ವಾರಗಳ ರಿಯಾಯಿತಿ, ಅದರ ಮೇಲೆ ದುಬಾರಿ ದಂಡ ಕಟ್ಟಿ ಬಿಡಿಸಿಕೊಳ್ಳುವ 30 ದಿನ, ಕೊನೆಗೆ 5 ದಿನ ಕಳೆದು ಹೆಸರು ಬಯಲಿಗೆ ಬೀಳುತ್ತದೆ. ಮನಸ್ಸು ಬದಲಿಸುವವರಿಗೆ ಸಾಕಷ್ಟು ಕಾಲಾವಕಾಶ.

ನನ್ನ ಗಡುವು ಬರುವ ಶ್ರಾವಣಕ್ಕೆ ಮುಗಿಯುತ್ತದೆ. ಹತ್ತರಲ್ಲಿ ಏಳು ಜನರನ್ನು ಕಂಡು ಬಂದಿದ್ದೇನೆ. ಜಿನ್ನಿಂಗ್ ಫ್ಯಾಕ್ಟರಿಯ ಸಾಹುಕಾರರು ಚಹಾ ಕುಡಿಸಿ, "ವಾಟ್ಸ್‌ಆ್ಯಪ್ ಇದ್ದ ಮ್ಯಾಲೆ ಇದ್ಯಾಕ್ ಬೇಕ್ರೀ ಮೇಷ್ಟ್ರೇ" ಎಂದರು. ಒಬ್ಬರು ಐದು ಸಾವಿರ ಎಂದರು, ನಾನು ಹನ್ನೆರಡು ಎಂದಿದ್ದೆ, ಮಾತು ಅಲ್ಲಿಗೇ ನಿಂತಿದೆ. ಪುಟದಲ್ಲಿ ದರವನ್ನೂ ನನ್ನ ನಂಬರನ್ನೂ ಹಾಕಿ ಆರು ತಿಂಗಳಾಯಿತು. ಫೋನುಗಳು ಬರುತ್ತಿವೆ, ವಾರಕ್ಕೆ ಎರಡಾದರೂ. ಮೊನ್ನೆ ಹೊಳಗುಂದಿಯ ಕಡೆಯಿಂದ ಒಬ್ಬರು ಮಾಡಿದ್ದರು. ಡೊಮೈನ್ ವಿಚಾರವೇ ಎಂದು ಆಸೆಯಿಂದ ಕೇಳಿದೆ.

"ಅದೇನೋ ಗೊತ್ತಿಲ್ರೀ. ಇವತ್ತು ಯಾರ್ಡಿನಾಗ ಹತ್ತಿ ರೇಟು ಎಷ್ಟೈತಿ, ಅಷ್ಟು ಹೇಳ್ರಿ. ಗಾಡಿ ಕಟ್ಟೋದೋ ಬ್ಯಾಡೋ ನೋಡಬೇಕು."

ತಡೆಯಿರಿ ಎಂದು ಹೇಳಿ, ಪರಿಚಯದ ಮಂಡಿಯವರಿಗೆ ಫೋನು ಮಾಡಿದೆ.